ಈಶಪ್ಪನವರ ಕಾರಿನ ಮೂಗು

೯ ಫೆಬ್ರವರಿ ೧೯೮೩, ಬುಧವಾರ

ಉಸಿರು, ನಿಮಿಷಕ್ಕೆ: ಬೆಳಗಿನ ಆರಕ್ಕೆ ೩೮. ಏಳಕ್ಕೆ ೪೧. ಏಳೂವರೆಗೆ ೩೬, ಆದರೆ ನಡುವೆ ಒಂದು ಸೀನು ಬಂತು. ಸೀನನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ತಿಳಿಯಲಿಲ್ಲ.

ಮುಮ್ತಾಜ ಹುಟ್ಟಿ ಇವತ್ತಿಗೆ ನಾಲ್ಕು ತಿಂಗಳು. ಅವಳು ಮಲಗಿದಾಗ ಮೂಗಿನ ಕೆಳಗೆ ಕೈಗನ್ನಡಿ ಹಿಡಿಯುತ್ತೇನೆ. ಕನ್ನಡಿ ಮಸುಕಾದರೆ ಉಸಿರಾಡುತ್ತಿದ್ದಾಳೆ. ಮಸುಕಾದದ್ದು ಸರಿಯಾಗಿ ಕಾಣದಿದ್ದರೆ ಕೆನ್ನೆ ತಟ್ಟಿ ಎಬ್ಬಿಸುತ್ತೇನೆ. ಎದ್ದು ಅತ್ತರೆ ಜೀವಕ್ಕೆ ಸಮಾಧಾನ. ಅತ್ತು ಅತ್ತು ಮಲಗಿದರೆ ಮತ್ತೆ ಕನ್ನಡಿ. ನಮ್ಮ ಮದುವೆಯ ಜಲ್ವಾದ ದಿನ ನಾನೂ ಇವರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದ್ದು ಇದೇ ಕನ್ನಡಿಯಲ್ಲಿ. ಆಮೇಲೆ ಎರಡು ವರ್ಷ ಟ್ರಂಕಿನಲ್ಲಿ ಸುಮ್ಮನೆ ಬಿದ್ದಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಕನ್ನಡಿ ಹಿಡದ್ರ ಕೂಸು ಏಳತೈತಿ, ಎದ್ರ ಅಳತೈತಿ, ಅತ್ರ ನೀ ಖುಷಿ ಆಕ್ಕಿ. ಇದ್ಯಾವ ಆಟ ಬೇಟಿ?"

"ಅತ್ರ ಉಸರಾಡಾಕತ್ತೈತಿ ಅಂತ ಖಾತ್ರಿ ಅಲ್ರಿ ಅತ್ತಿ?"

ಬಿ.ಎಸ್‌ಸಿ. ಮಾಡಿದವಳ ಜೊತೆ ಯಾರು ವಾದ ಮಾಡುತ್ತಾರೆ ಎಂಬಂತೆ ಒಳಗೆ ಹೋದರು.

ಸಂಜೆ ಮನೆಯವರೆಲ್ಲ ಕೂತು ತೀರ್ಮಾನ ಮಾಡಿದರು. ಎಲ್ಲ ಎಂದರೆ ಅತ್ತೆ ದಾವಲಬಿ ಮತ್ತು ನನ್ನ ಗಂಡ ಮುರ್ತುಜಾ. ನಾನೂ ಅಲ್ಲೇ ಇದ್ದೆ, ಆದರೆ ವಿಷಯ ನಾನೇ ಆಗಿದ್ದೆ. ನನ್ನನ್ನು ಧಾರವಾಡದ ದೊಡ್ಡ ದವಾಖಾನೆಗೆ ಸೇರಿಸುವುದು. ಹದಿನೈದು ದಿನ ಅಲ್ಲೇ ಇರಬೇಕು, ನಿದ್ದೆಗೆ ಔಷಧಿ ಕೊಡುತ್ತಾರೆ. ಕೂಸು ಇಲ್ಲಿ ಬೆಟಗೇರಿಯಲ್ಲಿ ಅತ್ತೆಯ ಹತ್ತಿರ.

ಹದಿನೈದು ದಿನ. ಅತ್ತೆಗೆ ನೂರರ ತನಕ ಎಣಿಸಲು ಬರುವುದಿಲ್ಲ.

ಸದ್ಯಕ್ಕೆ ನಾನು ಬಚಾವಾದದ್ದು ಬಸ್ಸಿನಿಂದ. ಹೋದ ವಾರ ಲಕ್ಷ್ಮೇಶ್ವರದ ತವರಿಗೆ ಹೊರಟಾಗ ಮೂರು ಸಲ ಬಸ್ಸು ನಿಲ್ಲಿಸಿದ್ದೆ, ಆ ಅಲುಗಾಟದಲ್ಲಿ ಉಸಿರು ಎಣಿಸಲು ಬರುವುದಿಲ್ಲವೆಂದು. ನಾಲ್ಕನೆಯ ಸಲಕ್ಕೆ ಕಂಡಕ್ಟರ್ ಕೈಮುಗಿದ. "ಅಕ್ಕಾರ, ಇಳದು ಪೂರಾ ಎಣಸ್ರಿ. ಮುಗದ ಮ್ಯಾಲ ಹಿಂದಿನ ಬಸ್ ಹತ್ರಿ." ಬಸ್ಸಿನಲ್ಲಿ ನನ್ನನ್ನು ಧಾರವಾಡಕ್ಕೆ ಒಯ್ಯುವುದು ಆಗದ ಮಾತು. ಯಾವುದಾದರೂ ಗಾಡಿ ಸಿಗಲಿ ಎಂದು ಕಾಯುತ್ತಿದ್ದಾರೆ.

೧೧ ಫೆಬ್ರವರಿ, ಶುಕ್ರವಾರ

ಉಸಿರು: ೪೦. ೩೭. ೩೯. ೩೯ (ಅನುಮಾನ). ೪೦.

ಗಾಡಿ ಸಿಕ್ಕಿದೆ. ಗದಗಿನ ಹತ್ತಿ ವ್ಯಾಪಾರಿ ಈಶಪ್ಪ ಸಾಹುಕಾರರ ಪರದೇಶದ ಕಾರು. ಯಾವುದೋ ರಾಯಭಾರಿ ಬಿಟ್ಟು ಹೋದದ್ದನ್ನು ಮುಂಬಯಿಯ ಹರಾಜಿನಲ್ಲಿ ಹಿಡಿದು ತಂದಿದ್ದಾರೆ. ಅದರ ಸ್ಟೇರಿಂಗು ಎಡಗಡೆ. ಬೇರೆಯವರು ನಡೆಸುವಾಗ ಸಾಹುಕಾರರು ಬಲಗಡೆ ಕೂತು ಕೈಕಟ್ಟಿಕೊಂಡು ಬರುತ್ತಾರೆ, ಎದುರು ಬಂದ ಚಕ್ಕಡಿಯವರು ಹೆದರಿ ಹೊಲಕ್ಕೆ ಇಳಿಯುತ್ತಾರೆ.

ಮನೆಯ ಹಿತ್ತಿಲಿಗೆ ಹತ್ತಿಕೊಂಡೇ ಇವರ ಗ್ಯಾರೇಜು. ಇವತ್ತು ಕಾರು ಕರಿಯ ಹೊಗೆ ಉಗುಳುತ್ತ ಬಂದು ನಿಂತಿತು. ಸಾಹುಕಾರರ ಧೋತರ ಬೂದಿ ಬಣ್ಣವಾಗಿತ್ತು.

"ಮುರ್ತುಜಾ, ಲಕ್ಷ್ಮೇಶ್ವರ ಮುಟ್ಟೂದ್ರಾಗ ಟಾಕಿ ಖಾಲಿ ಮಾಡತೈತೋ! ಅದೂ ಹೋಗ್ಲಿ. ಈ ಹೊಗಿ ಹತ್ತಿ ಮ್ಯಾಲ ಕುಂದ್ರಾಕತ್ತೈತಿ. ಖರೀದಿಗೆ ಬಂದಾವ್ರು ನನ್ನ ಜಯಧರ ಹತ್ತಿ ನೋಡಿ, ಇದ್ಯಾವ ಒಲಿ ಮ್ಯಾಲ ಬೆಳದಿದ್ದು ಅಂತ ಕೇಳ್ತಾರ!"

"ನೋಡೂಣ್ರಿ ಸಾವ್ಕಾರ್ರ. ಆ ಹಳದಿ ದೀಪ ಯಾಕ ಹತ್ತೈತ್ರಿ?"

"ಏ! ಅದಕ್ಕ ಕೈ ಹಚ್ಚಬ್ಯಾಡ!"

ಸ್ಟೇರಿಂಗಿನ ಎದುರಿನ ಫಲಕದಲ್ಲಿ ಒಂದು ಹಳದಿ ದೀಪ ಆರದೆ ಉರಿಯುತ್ತದೆ. ದೀಪಾವಳಿ ಅಮಾವಾಸ್ಯೆಯ ದಿನ ಕಾರು ಸಾಹುಕಾರರ ಅಂಗಳಕ್ಕೆ ಕಾಲಿಟ್ಟ ಗಳಿಗೆಗೆ ತಾನೇ ಹತ್ತಿಕೊಂಡಿತಂತೆ. ಎಣ್ಣೆ ಬತ್ತಿ ಬೇಡದ ನಂದಾದೀಪ. ಅವರು ದಿನಾ ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದೇ ಕೂಡುವುದು. ಹೊಗೆ ನಿಲ್ಲಬೇಕು, ದೀಪ ಆರಬಾರದು.

ಅತ್ತೆ ಚಹಾ ಕೊಡುತ್ತ ನನ್ನ ವಿಷಯ ತೆಗೆದರು. ಸಾಹುಕಾರರು ನನ್ನ ಕಡೆ ನೋಡಿ, "ಅಷ್ಟೇ ಏನು? ಗಾಡಿ ರಿಪೇರಿ ಆದ ಮರುದಿನ ನಾನ ಕರಕೊಂಡು ಹೊಕ್ಕೀನಿ. ಧಾರವಾಡಕ್ಕ ರಾಯಭಾರಿ ಹೋದಂಗ ಹೋಗ್ಲಿ ನಮ್ಮ ತಂಗಿ" ಎಂದರು.

ಆ ಕಾರು ಎಂದಿಗೂ ರಿಪೇರಿಯಾಗದಿರಲಿ.

೧೩ ಫೆಬ್ರವರಿ, ಭಾನುವಾರ

ಉಸಿರು: ೩೮. ೩೮. ೩೮. (ಮೂರು ಸಲ ಒಂದೇ ಬಂದರೆ ಒಳ್ಳೆಯದೋ ಕೆಟ್ಟದ್ದೋ?)

ಕಾರಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿದೆ. ಓಣಿಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ, ಹಾಗಾಗಿ ನನ್ನ ಕೈಗೆ ಬಂತು. ಓದಿ ಕನ್ನಡದಲ್ಲಿ ಹೇಳಬೇಕು.

ಎಂಥ ಪುಸ್ತಕ! ಈ ಕಾರಿನ ಹೊಗೆ ಕೊಳವೆಯಲ್ಲಿ ಆಮ್ಲಜನಕದ ಸೆನ್ಸರ್ ಎಂಬ ಒಂದು ಸಾಮಾನು ಇದೆ. ಅದು ಕಾರು ಬಿಡುವ ಉಸಿರನ್ನು ಮೂಸುತ್ತದೆ. ಉಸಿರಿನಲ್ಲಿ ಆಮ್ಲಜನಕ ಹೆಚ್ಚು ಉಳಿದಿದ್ದರೆ ಪೆಟ್ರೋಲ್ ಸಾಲದೆಂದೂ, ಕಡಿಮೆ ಇದ್ದರೆ ಪೆಟ್ರೋಲ್ ಹೆಚ್ಚಾಯಿತೆಂದೂ ತಂತಿಯ ಮೂಲಕ ಒಂದು ಪೆಟ್ಟಿಗೆಗೆ ತಿಳಿಸುತ್ತದೆ. ಪೆಟ್ಟಿಗೆ ಹಾಗೆಯೇ ಉಣಿಸುತ್ತದೆ. ಒಂದು ಕ್ಷಣವೂ ಬಿಡದೆ ನೋಡುತ್ತಿರಬೇಕು. ಮುಂದುವರಿದ ದೇಶಗಳಲ್ಲಿ ಕಾರಿನ ಉಸಿರನ್ನೇ ಇಷ್ಟು ಕಾಯುತ್ತಾರೆ. ನಾನು ಹೆತ್ತ ಮಗಳದನ್ನು ಕಾದರೆ ಧಾರವಾಡ.

ಇವರು ಬಂದು ಕೇಳಿದರು. "ಏನ್ ಬರದೈತಿ ದಿಲಶಾದ?"

"ಗಾಡಿ ಭಾಳ ಕಾಯ್ದೈತಂತ್ರಿ. ಐದು ದಿನ ಬೆಚ್ಚಗ ಮುಚ್ಚಿ ಇಡಬೇಕಂತ. ಯಾರೂ ಮುಟ್ಟಬಾರದಂತ."

ಹಾಗೆ ಎಲ್ಲೂ ಬರೆದಿಲ್ಲ.

೧೪ ಫೆಬ್ರವರಿ

ಸಾಹುಕಾರರು ಮನೆಯಿಂದ ಎರಡು ಕೌದಿ ಕಳಿಸಿದ್ದಾರೆ. ಕಾರಿಗೆ ಹೊದಿಸಿ ಅಂಚು ಒಳಗೆ ಮಡಚಿ ಇಟ್ಟಿದ್ದಾರೆ. ಬೆಟಗೇರಿಯ ಅರ್ಧ ಮಂದಿ ಬಂದು ನೋಡಿ ಹೋದರು. ಒಬ್ಬ ಮುದುಕ ಜ್ವರ ಎಷ್ಟಿದೆ ಎಂದು ಕೇಳಿದ.

ಉಸಿರು: ೩೯. ೪೧. (ಕೂಸಿನದು.)

೧೯ ಫೆಬ್ರವರಿ, ಶನಿವಾರ

ನನ್ನ ಐದು ದಿನ ಮುಗಿದವು. ಇವರು ಕಾರಿನ ಕೆಳಗೆ ತೂರಿ ತಾವೇ ಆ ಸಾಮಾನನ್ನು ಪತ್ತೆ ಮಾಡಿ, ಬಿಚ್ಚಿ ತಂದರು. ನೋಡಲು ಥೇಟು ಇಂಜಿನ್ನಿನ ಪ್ಲಗ್ಗಿನ ಹಾಗೇ ಇದೆ.

"ಇಂಜಿನ್‌ದಾಗ ಇರೂ ಪ್ಲಗ್ಗು ಹೊಗಿ ಪೈಪಿನ್ಯಾಗ ಯಾಕ ಇಟ್ಟಾರಲೇ ಇವ್ರು?" ಎಂದು ತಮ್ಮಷ್ಟಕ್ಕೇ ಬೈದುಕೊಂಡರು. ಅದು ಪ್ಲಗ್ಗಲ್ಲ, ಮೂಗು ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಪ್ಲಗ್ಗಿಗೆ ನಮ್ಮ ಗ್ಯಾರೇಜಿನಲ್ಲಿ ಇರುವುದು ಒಂದೇ ಉಪಚಾರ: ಪೆಟ್ರೋಲಿನಲ್ಲಿ ತೊಳೆದು, ಒಲೆಯಲ್ಲಿ ಸುಟ್ಟು, ಉಸುಕಿನ ಕಾಗದದಿಂದ ತಿಕ್ಕುವುದು. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಸುಡುತ್ತಿದ್ದರು. ಕೆಂಡದ ಒಂದು ಬದಿಗೆ ರೊಟ್ಟಿ, ಇನ್ನೊಂದು ಬದಿಗೆ ರಾಯಭಾರಿಯ ಕಾರಿನ ಮೂಗು. ಅತ್ತೆ ಎರಡನ್ನೂ ಒಂದೇ ಚಿಮಟಿಗೆಯಲ್ಲಿ ತಿರುವಿದರು.

ಆಮೇಲೆ ಕಿಡಿ ಬರುತ್ತದೋ ಎಂದು ಪರೀಕ್ಷೆ. ಮೂಗಿನಿಂದ ಕಿಡಿ ಎಲ್ಲಿಂದ ಬರಬೇಕು? "ಸತ್ತೈತಿ" ಎಂದರು. ಆದರೂ ಹಾಕಿ ಚಾಲು ಮಾಡಿದರು. ಹೊಗೆ ಮೊದಲಿಗಿಂತ ದಪ್ಪ.

ಇವರ ಮುಖ ನೋಡಲಾಗಲಿಲ್ಲ. ಮಾವನವರು ತೀರಿಕೊಂಡ ಮೇಲೆ ಈ ಗ್ಯಾರೇಜಿನಿಂದ ಒಂದು ಗಾಡಿಯೂ ಹಾಗೇ ವಾಪಸು ಹೋಗಿಲ್ಲ. ನನಗೆ ಪಾಪ ಅನ್ನಿಸಿತು. ಧಾರವಾಡ ನೆನಪಾಗಿ ಸುಮ್ಮನಾದೆ.

೨೧ ಫೆಬ್ರವರಿ, ಸೋಮವಾರ

ಉಸಿರು: ೪೦. ೩೮.

ತಡೆಯಲಾರದೆ ಒಂದು ಮಾತು ಹೇಳಿಬಿಟ್ಟೆ. ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿದೆ: ಈ ಕಾರಿಗೆ ಸೀಸ ಬೆರೆಸದ ಪೆಟ್ರೋಲನ್ನೇ ಹಾಕಬೇಕು. ನಮ್ಮಲ್ಲಿ ಸಿಗುವ ಪೆಟ್ರೋಲಿಗೆಲ್ಲ ಸೀಸ ಬೆರೆಸಿಯೇ ಇರುತ್ತದೆ. ಆ ಸೀಸ ಮೂಗಿಗೆ ಮೆತ್ತಿ ಮೆತ್ತಿ ಅದಕ್ಕೆ ವಾಸನೆಯೇ ಗೊತ್ತಾಗದ ಹಾಗೆ ಮಾಡಿರಬೇಕು.

ಗಾಡಿ ನೋಡಲು ಬಂದಿದ್ದ ಸಾಹುಕಾರರು ಎದ್ದು ನಿಂತರು. "ಸೀಸಾ ಏನು ದೊಡ್ಡ ಮಾತು? ಸೋಸೂಣು!"

ಮಧ್ಯಾಹ್ನವೆಲ್ಲ ಅದೇ ಕೆಲಸ. ಧೋತರವನ್ನು ನಾಲ್ಕು ಪದರು ಮಾಡಿ, ಇಬ್ಬರು ಹಮಾಲರು ಎರಡು ಕಡೆ ಹಿಡಿದು, ಕ್ಯಾನಿನಿಂದ ಕ್ಯಾನಿಗೆ ಪೆಟ್ರೋಲ್ ಸೋಸಿದರು. ಸೀಸ ಅದರಲ್ಲಿ ಕರಗಿರುತ್ತದೆ, ಸೋಸಿದರೆ ಬರುವುದಿಲ್ಲ ಎಂದು ರಸಾಯನಶಾಸ್ತ್ರವನ್ನೆಲ್ಲ ಹೇಳಿದೆ. ಅಷ್ಟರಲ್ಲಿ ಬಟ್ಟೆಯ ಮೇಲೆ ಒಂದು ಇರುವೆ ಮತ್ತು ಸ್ವಲ್ಪ ಮಣ್ಣು ಸಿಕ್ಕವು.

"ನೋಡವಾ ತಂಗಿ, ಬಂತಲ್ಲ!" ಎಂದರು.

೨೨ ಫೆಬ್ರವರಿ, ಮಂಗಳವಾರ

ಇವತ್ತು ಇವರು ಗ್ಯಾರೇಜಿನಲ್ಲಿ ಬಹಳ ಹೊತ್ತು ಇಂಜಿನ್ ಚಾಲು ಇಟ್ಟಿದ್ದರು. ಗಾಳಿ ನಮ್ಮ ಮನೆಯ ಕಡೆಗಿತ್ತು. ತೊಟ್ಟಿಲ ಹತ್ತಿರ ಕನ್ನಡಿ ಹಿಡಿದೆ. ಮಸುಕಾಗುವ ಬದಲು ಕಪ್ಪಾಯಿತು.

ಕೂಸು ಕೆಮ್ಮಿತು. ಎರಡು ಸಲ.

ಕೂಸನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟು, ಓಣಿಯ ಆಚೆಗೆ ಕರೆದುಕೊಂಡು ಹೋಗಿ ಎಂದೆ. ಪುಸ್ತಕ ತೆಗೆದುಕೊಂಡು ಹಿತ್ತಿಲ ಬಾಗಿಲಿನಿಂದ ಗ್ಯಾರೇಜಿಗೆ ಹೋದೆ. ರಿಪೇರಿಯಾದರೆ ನನ್ನನ್ನು ಒಯ್ಯುತ್ತಾರೆ. ಆಗದಿದ್ದರೆ ಈ ಹೊಗೆ. ಹದಿನೈದು ದಿನವಾದರೆ ನಾನು ವಾಪಸು ಬಂದೇನು.

"ಬಂದ್ ಮಾಡ್ರಿ ಅದನ್ನ" ಎಂದೆ. "ಅದು ಪ್ಲಗ್ಗಲ್ರಿ. ಮೂಗು. ನನಗ ಮೊದಲ ಗೊತ್ತಿತ್ತು. ಐದು ದಿನದ ಮಾತೂ ಸುಳ್ಳು."

ಇವರು ಸ್ಪ್ಯಾನರ್ ಹಿಡಿದುಕೊಂಡು ನನ್ನನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಕೌದಿನೂ?"

"ಹೂಂ."

ಮುಖ ತಿರುಗಿಸಿಕೊಂಡರು. ಹೆಗಲು ಅಲುಗುತ್ತಿತ್ತು. ನಗುತ್ತಿದ್ದರು! ಎಷ್ಟು ದಿನವಾಗಿತ್ತೋ ಇವರು ನಕ್ಕು.

೨೪ ಫೆಬ್ರವರಿ, ಗುರುವಾರ

ರೇಡಿಯೊ ರಿಪೇರಿ ಮಾಡುವ ಬುಡ್ಡೇಸಾಬರ ಮೀಟರನ್ನು ಇಸಕೊಂಡು ಬಂದೆವು. ಪುಸ್ತಕದ ಪ್ರಕಾರ ಇಂಜಿನ್ ಚೆನ್ನಾಗಿ ಕಾದ ಮೇಲೆ ಮೂಗಿನ ತಂತಿಗೆ ಮೀಟರ್ ಹಚ್ಚಿದರೆ, ಮುಳ್ಳು ಸೊನ್ನೆಗೂ ಒಂದು ವೋಲ್ಟಿಗೂ ನಡುವೆ ತೊಟ್ಟಿಲ ಹಾಗೆ ಓಲಾಡುತ್ತಿರಬೇಕು. ಕೂಸನ್ನು ಅತ್ತೆ ಪಕ್ಕದ ಓಣಿಗೆ ಕರೆದುಕೊಂಡು ಹೋಗಿದ್ದರು. ಕೊಳವೆಯ ಮೇಲ್ಬದಿ ಕಾಣುತ್ತಿರಲಿಲ್ಲ. ಕೈಗನ್ನಡಿ ಕೆಳಗೆ ತೂರಿಸಿ ಹಿಡಿದೆ, ಇವರು ಅದರಲ್ಲಿ ನೋಡಿಕೊಂಡು ತಂತಿಗೆ ಮೀಟರ್ ಹಚ್ಚಿದರು. ಒಂದು ಸಲ ಕನ್ನಡಿಯಲ್ಲಿ ಇವರ ಮಸಿ ಮುಖ ಕಂಡಿತು.

ಮುಳ್ಳು ಓಲಾಡಲಿಲ್ಲ. ಸೊನ್ನೆಯ ಹತ್ತಿರ ಸತ್ತಂತೆ ಬಿದ್ದಿತ್ತು. ಇವರು ಪೆಟ್ರೋಲ್ ಹೆಚ್ಚು ಬಿಟ್ಟರೂ ಅಷ್ಟೇ, ಕಡಿಮೆ ಮಾಡಿದರೂ ಅಷ್ಟೇ.

"ಏನಂದಂಗಾತು?" ಎಂದು ಸಾಹುಕಾರರು ನನ್ನನ್ನು ಕೇಳಿದರು.

"ಮೂಗಿಗೆ ಏನೂ ತಿಳಿಯೂದಿಲ್ರಿ ಸಾವ್ಕಾರ್ರ. ಆದ್ರ ಸುಮ್ಮನಿರೂದಿಲ್ಲ. ಪೆಟ್ರೋಲ್ ಸಾಲ್ದು, ಸಾಲ್ದು ಅಂತ ಒಂದ ಸವನ ಒದರತೈತಿ. ಪೆಟ್ಟಿಗಿ ಅದನ್ನ ನಂಬಿ ಸುರೀತೈತಿ. ಹೊಟ್ಟಿ ತುಂಬಿ ಕಾರಿಕೊಂಡ್ರೂ ಸುರೀತೈತಿ. ಅದ ಹೊಗಿ."

"ಛೇ. ಎಂಥಾ ಮೂಗವಾ ಇದು! ತಾನೂ ಸುಖ ಇಲ್ಲ, ಗಾಡಿಗೂ ಸುಖ ಇಲ್ಲ."

"ಹೌದ್ರಿ" ಎಂದೆ. ಅಂಥ ಸಾಮಾನನ್ನು ಕಂಡರೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನೊಂದು ಸಂಗತಿಯನ್ನೂ ಓದಿ ಹೇಳಿದೆ: ಹಳದಿ ದೀಪಕ್ಕೂ ಮೂಗಿನ ಆರೋಗ್ಯಕ್ಕೂ ಸಂಬಂಧವೇ ಇಲ್ಲ. ಮೂವತ್ತು ಸಾವಿರ ಮೈಲು ಓಡಿದ ಮೇಲೆ, ಮೂಗು ಬದಲಿಸಿ ಎಂದು ನೆನಪು ಮಾಡಲು ತಾನೇ ಹತ್ತಿಕೊಳ್ಳುತ್ತದೆ, ಅಷ್ಟೇ. ಹತ್ತಿದ ದಿನ ಅಮಾವಾಸ್ಯೆಯಾಗಿತ್ತು. ಸಾಹುಕಾರರು, "ಮೂವತ್ತ ಸಾವಿರ ಮೈಲು ಕಾದು ನನ್ನ ಅಂಗಳಕ್ಕ ಬಂದ ಹತ್ತೈತಿ ಅಂದ್ರ?" ಎಂದು ಮತ್ತಷ್ಟು ಭಕ್ತಿಯಿಂದ ಕೈಮುಗಿದರು.

೨೬ ಫೆಬ್ರವರಿ, ಶನಿವಾರ

ಹೊಸ ಮೂಗು ಹಿಂದೂಸ್ತಾನದಲ್ಲಿ ಎಲ್ಲೂ ಸಿಗುವುದಿಲ್ಲ. ಸಿಕ್ಕರೂ ನಮ್ಮ ಪೆಟ್ರೋಲಿಗೆ ಮತ್ತೆ ಹಾಗೇ ಆಗುತ್ತದೆ. ಪುಸ್ತಕವನ್ನು ಮೂರನೆಯ ಸಲ ಓದುವಾಗ ಸಣ್ಣ ಅಕ್ಷರದಲ್ಲಿ ಕಂಡಿತು: ಮೂಗಿನ ತಂತಿ ಬಿಚ್ಚಿದರೆ ಪೆಟ್ಟಿಗೆ ಯಾರನ್ನೂ ಕೇಳದೆ ನಡುವಿನ ಒಂದು ಅಳತೆ ಹಿಡಿದು ನಡೆಯುತ್ತದೆ.

ಎರಡು ಸಲ ಓದಿದೆ. ಇಷ್ಟು ಸರಳವೇ?

"ಕೇಳವ್ರಿಲ್ಲ, ಹೇಳವ್ರಿಲ್ಲ, ಗಾಡಿ ನಡೀತೈತಿ?" ಎಂದರು ಇವರು.

"ನಡೀತೈತಂತ್ರಿ. ಏನೂ ಆಗೂದಿಲ್ಲಂತ."

ಆದರೆ ಮೂಗು ತೆಗೆದರೆ ಕೊಳವೆಯಲ್ಲಿ ತೂತು ಉಳಿಯುತ್ತದೆ. ಅದರ ದಪ್ಪಕ್ಕೆ ನಮ್ಮ ಪ್ಲಗ್ಗುಗಳು ಯಾವುವೂ ಕೂಡಲಿಲ್ಲ. ಸಾಹುಕಾರರ ಹಿರೇಹಂದಿಗೋಳದ ಹೊಲದಲ್ಲಿ ಸೀಮೆಎಣ್ಣೆಯಲ್ಲಿ ಓಡುತ್ತಿದ್ದ ಓಬೀರಾಯನ ಕಾಲದ ಟ್ರ್ಯಾಕ್ಟರ್ ಇದೆ, ಈಗ ಅದರಲ್ಲಿ ಕೋಳಿಗಳು ಮೊಟ್ಟೆ ಇಡುತ್ತವೆ. ಅದರ ಪ್ಲಗ್ಗು ತರಿಸಿದರು. ಮೂಗಿನ ಜಾಗದಲ್ಲಿ ಇಟ್ಟು ತಿರುವಿದರೆ, ಅಲ್ಲೇ ಹುಟ್ಟಿದ ಹಾಗೆ ಕೂತಿತು. ತಂತಿಯ ತುದಿಗೆ ಟೇಪು ಸುತ್ತಿ, ಬಿಸಿ ತಾಗದ ಕಡೆ ಮೇಲಕ್ಕೆ ಕಟ್ಟಿದರು.

ಚಾಲು ಮಾಡಿದರು. ಸಾಹುಕಾರರು ತಮ್ಮ ಬಿಳಿ ಟೊಪ್ಪಿಗೆಯನ್ನು ಹೊಗೆ ಕೊಳವೆಯ ಬಾಯಿಗೆ ಹಿಡಿದು ನೂರರ ತನಕ ಎಣಿಸಿದರು. ತೆಗೆದು ನೋಡಿದರೆ ಬೆಳ್ಳಗಿತ್ತು. ಒಳಗೆ ಹಳದಿ ದೀಪ ಆರಾಮಾಗಿ ಉರಿಯುತ್ತಿತ್ತು. ಟೊಪ್ಪಿಗೆಯನ್ನು ತಲೆಗೆ ಇಟ್ಟುಕೊಂಡು ಬಂದು, "ಮಂಗಳವಾರ ಹೋಗೂಣು ತಂಗಿ, ಧಾರವಾಡಕ್ಕ" ಎಂದರು.

ಅಲ್ಲಿಯ ತನಕ ಅದು ನೆನಪೇ ಆಗಿರಲಿಲ್ಲ.

೨೮ ಫೆಬ್ರವರಿ

ಟ್ರಂಕು ತುಂಬಿಸಿದೆ. ಅತ್ತೆಗೆ ಎಣಿಸುವುದು ಕಲಿಸಿದೆ; ಇಪ್ಪತ್ತೇಳರ ನಂತರ ಪ್ರತಿಸಲ ಮೂವತ್ತೊಂದಕ್ಕೆ ಜಿಗಿಯುತ್ತಾರೆ. ಮುಮ್ತಾಜಳನ್ನು ಧಾರವಾಡದ ತನಕ ತೊಡೆಯ ಮೇಲೆ ಇಟ್ಟುಕೊಳ್ಳಲು ಬಿಡುತ್ತಾರೆ. ದವಾಖಾನೆಯ ಬಾಗಿಲಲ್ಲಿ ಕೊಟ್ಟುಬಿಡಬೇಕು.

ಕನ್ನಡಿ ಕಾಣುತ್ತಿಲ್ಲ.

೨ ಮಾರ್ಚ್, ಬುಧವಾರ

ನಿನ್ನೆ ಆದದ್ದಕ್ಕೆ ಯಾರನ್ನು ಬೈಯಬೇಕೋ ತಿಳಿಯದು.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಎಡಕ್ಕೆ ಸ್ಟೇರಿಂಗು ಹಿಡಿದು ಇವರು, ಬಲಕ್ಕೆ ಸಾಹುಕಾರರು, ಹಿಂದಿನ ಸೀಟಿನಲ್ಲಿ ನಾನೂ ಕೂಸೂ. ಕನ್ನಡಿ ಇಲ್ಲದ್ದರಿಂದ ಕೈ ಕೂಸಿನ ಎದೆಯ ಮೇಲೆ ಇಟ್ಟುಕೊಂಡು ಕೂತೆ. ಹೊಗೆ ಇಲ್ಲ. ಸದ್ದೂ ಇಲ್ಲ. ಹುಲಕೋಟಿ ಬಂದದ್ದು ನೆನಪಿದೆ.

ಆಮೇಲೆ ಕಣ್ಣು ಬಿಟ್ಟರೆ ಮನೆಯ ಮುಂದೆ ಇದ್ದೆ. ಬಿಸಿಲು ಇಳಿದಿತ್ತು.

ನಡೆದದ್ದನ್ನು ಇವರು ಹೇಳಿದರು. ಅಣ್ಣಿಗೇರಿಯಲ್ಲಿ ಚಹಾ ಕುಡಿಯಲೆಂದು ಗಾಡಿ ನಿಲ್ಲಿಸಿದರೆ ನಾನೂ ಕೂಸೂ ನಿದ್ದೆಯಲ್ಲೇ ಒಟ್ಟಿಗೆ ಮುಖ ಕಿವುಚಿದೆವಂತೆ. ಸಾಹುಕಾರರು ಪಿಸುಗುಟ್ಟಿದರಂತೆ: "ನಿಲ್ಲಸಬ್ಯಾಡೋ ಮುರ್ತುಜಾ! ನಾಕ ತಿಂಗಳಾಗೈತಿ ಅಕಿ ಮಲಗಿ!" ಧಾರವಾಡಕ್ಕೆ ಹೋದರೆ ನಿಲ್ಲಿಸಲೇಬೇಕು. ಹಾಗಾಗಿ ಹೊಳ್ಳಿಸಿಕೊಂಡು ಬಂದರು. ಗದಗಿನ ರೈಲ್ವೆ ಗೇಟು ಹಾಕಿತ್ತು. ಸಾಹುಕಾರರು ಕೆಳಗಿಳಿದು, ದಾರಿಯಲ್ಲಿ ನಿಂತಿದ್ದ ಇಬ್ಬರು ಹಮಾಲರನ್ನು ಕರೆದು, ಗೂಡ್ಸ್ ಗಾಡಿ ದಾಟುವ ತನಕ ಕಾರನ್ನು ಹಿಂದಿನಿಂದ ಹಿಡಿದು ತೊಟ್ಟಿಲ ಹಾಗೆ ತೂಗಿದರಂತೆ. ನಲವತ್ತೆಂಟು ವ್ಯಾಗನ್ನು.

ಅಲ್ಲಿಂದ ಲಕ್ಷ್ಮೇಶ್ವರ. ನನ್ನ ತವರುಮನೆಯ ಮುಂದಿನಿಂದಲೇ ಹೋದರಂತೆ. ನನ್ನ ತಾಯಿ ಹೊರಗೆ ಬಂದು ಕೈ ಬೀಸಿದರೆ, ಸಾಹುಕಾರರು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿ ಮುಂದೆ ಹೋದರಂತೆ. ಶಿರಹಟ್ಟಿ. ಮುಂಡರಗಿ. ಕೊರ್ಲಹಳ್ಳಿಯಲ್ಲಿ ರಸ್ತೆಯೇ ಮುಗಿದು ತುಂಗಭದ್ರೆ ಎದುರಾಯಿತು, ಹೊಳೆಯ ದಂಡೆಯಲ್ಲಿ ತಿರುಗಿಸಿಕೊಂಡು ಮತ್ತೆ ಮುಂಡರಗಿ. ಒಂದೇ ಟಾಕಿ ಪೆಟ್ರೋಲಿನಲ್ಲಿ. ಇವರು ಅದನ್ನು ಮೂರು ಸಲ ಹೇಳಿದರು.

ನನಗೆ ವಿಪರೀತ ಸಿಟ್ಟು ಬಂತು. ಡಾಕ್ಟರು ಕಾದಿರುತ್ತಾರೆ. ಟ್ರಂಕು ಹಾಗೇ ವಾಪಸು ಬಂದಿದೆ. ಊರೆಲ್ಲ ನನ್ನ ನಿದ್ದೆ ನೋಡಿತು. ಎಲ್ಲಕ್ಕಿಂತ ಹೆಚ್ಚಾಗಿ, ಅಷ್ಟು ಹೊತ್ತು ಕೂಸಿನ ಉಸಿರು ನೋಡಿದವರು ಯಾರು?

"ಸಾವ್ಕಾರ್ರು" ಎಂದರು ಇವರು.

ಕೂಸಿನ ಕೆನ್ನೆಗೆ ಹತ್ತಿಯ ಒಂದು ಎಳೆ ಅಂಟಿಕೊಂಡಿತ್ತು.

೫ ಮಾರ್ಚ್, ಶನಿವಾರ

ಈಶಪ್ಪ ಸಾಹುಕಾರರು ಕೌದಿ ಒಯ್ಯಲು ಬಂದಿದ್ದರು. ಅವರನ್ನೇ ಕೇಳಿದೆ. ಜೇಬಿನಲ್ಲಿ ಸದಾ ನಮೂನೆಗೆಂದು ಜಯಧರ ಹತ್ತಿ ಇರುತ್ತದಲ್ಲ, ಅದರಿಂದ ಒಂದು ಎಳೆ ತೆಗೆದು, ಮುಂದಿನ ಸೀಟಿನಿಂದ ಹಿಂದಕ್ಕೆ ಬಾಗಿ, ಕೂಸಿನ ಮೂಗಿನ ಹತ್ತಿರ ಹಿಡಿದುಕೊಂಡೇ ಕೂತಿದ್ದರಂತೆ. ಮುಂಡರಗಿಯಲ್ಲಿ ಕೈ ಸೋತು, ಕೊರ್ಲಹಳ್ಳಿಯಿಂದ ಎಡಗೈ.

"ನಿಮಿಷಕ್ಕ ಎಷ್ಟಿತ್ತ್ರಿ?" ಎಂದೆ.

"ಎಣಿಸಾಕ ನಾ ಏನ್ ಮಾಸ್ತರ್ ಅದೀನೇನು? ಹತ್ತಿ ನೋಡಾಂವ ನಾ. ಎಳಿ ಹೆಂಗ ಹೊಯ್ದಾಡತೈತಿ ನೋಡಿದ್ರ ಸಾಕು, ಮಾಲು ಗೊತ್ತಾಗತೈತಿ. ಎಳಿ ಉದ್ದ ಐತಿ, ಗಟ್ಟಿ ಐತಿ. ಒಂದನೆ ನಂಬರ್ ಐತವಾ ತಂಗಿ, ನನ್ನ ಮಾತು ತಗೋ."

ಇದು ಶಾಸ್ತ್ರೀಯ ವಿಧಾನವಲ್ಲ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ದೀಪಕ್ಕೆ ಕೈಮುಗಿದು ಹೊರಟುಬಿಟ್ಟರು.

೧೪ ಮಾರ್ಚ್

ಬಹಳ ದಿನ ಬರೆಯಲಾಗಲಿಲ್ಲ; ಹೊತ್ತೇ ಸಿಗುತ್ತಿಲ್ಲ, ಕಣ್ಣು ಎಳೆಯುತ್ತವೆ. ಧಾರವಾಡದ ಮಾತನ್ನು ಯಾರೂ ಎತ್ತುತ್ತಿಲ್ಲ. ಟ್ರಂಕನ್ನು ಅತ್ತೆಯೇ ಬಿಚ್ಚಿ ಸೀರೆಗಳನ್ನು ಮಡಚಿ ಇಟ್ಟಿದ್ದಾರೆ, ನನ್ನನ್ನು ಕೇಳದೆ. ಕನ್ನಡಿ ಗ್ಯಾರೇಜಿನಲ್ಲಿದೆಯಂತೆ, ಇವರು ಲಾರಿಗಳ ಹೊಟ್ಟೆ ನೋಡಲು ಬಳಸುತ್ತಿದ್ದಾರೆ. ಇಸಕೊಳ್ಳಬೇಕು. ನಾಳೆ ನೆನಪಾದರೆ.

ಉಸಿರು: ಒಂದನೆ ನಂಬರ್.